ಕ್ವಿಂಟಲ್ ಲೆಕ್ಕ, ತಲೆ ಲೆಕ್ಕ

ರಾಶಿ ಇಡಿ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿತೆಂದರೆ ಸಾಗರದ ಪೇಟೆಗೆ ಬೇರೆಯೇ ಕಳೆ. ಬಂಗಾರದಂಗಡಿಯಿಂದ ಬೈಕ್ ಶೋರೂಂವರೆಗೆ ಅದೇ ಮಾತು. ಹೊಸನಗರ, ತೀರ್ಥಹಳ್ಳಿಯಲ್ಲೂ ಅಷ್ಟೆ; ಊರಿನ ಸ್ಥಿತಿಗತಿ ಕೇಳಿದರೆ ಜನ ಹೇಳುವುದು ಅಡಿಕೆ ರೇಟನ್ನು.

ತಲೆ ಲೆಕ್ಕ ಮಾತ್ರ ಈ ರೇಟಿನ ಜೊತೆ ಏರಿಲ್ಲ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಶಿವಮೊಗ್ಗ ಜಿಲ್ಲೆಯದು ಶೇ 6.7. ಅದರಲ್ಲೂ ದೊಡ್ಡ ಪಾಲು ಶಿವಮೊಗ್ಗ ನಗರದ ಕಡೆಯದು.

ಮಲೆನಾಡು ಬರಿದಾಗುತ್ತಿದೆ ಎಂಬ ಕೊರಗಿಗೆ ನೂರು ವರ್ಷ ದಾಟಿದೆ. ಹಳೆಯ ಮೈಸೂರು ಸರ್ಕಾರ ಇದಕ್ಕಾಗಿಯೇ ಮಲೆನಾಡು ಸುಧಾರಣೆಯ ಯೋಜನೆ ಹಾಕಿತ್ತು. ಆಗ ಜನರನ್ನು ಒಯ್ದದ್ದು ಮಲೇರಿಯಾ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿ, ಶರಾವತಿ ಕಣಿವೆಯ ಹಳ್ಳಿಗಳೇ ಎದ್ದು ಹೋದವು. ಈಗ ಒಯ್ಯುವುದು ಪಿಯುಸಿ ಮಾರ್ಕ್ಸ್ ಕಾರ್ಡು. ಹೋದವರು ಬೆಂಗಳೂರಿನಲ್ಲಿ ಚೆನ್ನಾಗಿಯೇ ಇದ್ದಾರೆ, ಹಾಗಾಗಿ ಇದನ್ನು ದುರಂತವೆನ್ನಲು ನನಗೆ ಮನಸ್ಸಿಲ್ಲ.

'ಮಲೆನಾಡು ವೃದ್ಧಾಶ್ರಮವಾಗಿದೆ' ಎನ್ನುವವರ ಕಣ್ಣಲ್ಲಿರುವುದು ಹೆಚ್ಚಾಗಿ ಹಳೆಯ ತೋಟದ ಮನೆಗಳು. ಆದರೆ ಗೇಣಿದಾರರ ಮನೆಗಳೂ ಇಲ್ಲಿವೆ. 1951ರಲ್ಲಿ ಕಾಗೋಡಿನ ದೀವರ ಗೇಣಿದಾರರು ಒಡೆಯರ ಕೊಳಗದ ಅಳತೆಯನ್ನೇ ಪ್ರಶ್ನಿಸಿ ಸತ್ಯಾಗ್ರಹಕ್ಕಿಳಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಅದೇ ಮಾತನ್ನು ವಿಧಾನಸಭೆಯಲ್ಲಿ ಎತ್ತಿದರು. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿತು. ಅಂದಿನ ಎಷ್ಟೋ ಗದ್ದೆಗಳು ಈಗ ಅಡಿಕೆ ತೋಟ. ಆದಾಯದ ಕಥೆ ಹೇಳುವಾಗ ಗೇಣಿದಾರರ ಈ ಮನೆಗಳನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇಷ್ಟಕ್ಕೂ ತಲಾ ಆದಾಯ ಏರಲು ಗಳಿಕೆಯೇ ಹೆಚ್ಚಬೇಕೆಂದಿಲ್ಲ. ಐದು ಜನ ಉಣ್ಣುತ್ತಿದ್ದ ಮನೆಯಲ್ಲಿ ಇಬ್ಬರೇ ಉಳಿದರೂ ಕಾಗದದ ಮೇಲೆ ಮನೆ ಶ್ರೀಮಂತ! ಆ ಇಬ್ಬರಿಗೂ ವಯಸ್ಸಾಗಿರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಕೊನೆಗೌಡ ಬೇಕು, ಅವನ ಮಗ ಮರ ಹತ್ತಲೊಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಿದ್ದ ಹೆಂಗಸರ ಜಾಗಕ್ಕೆ ಸುಲಿಯುವ ಯಂತ್ರ ಬಂದಿದೆ. ನೆಲದಲ್ಲೇ ನಿಂತು ಕೊನೆ ಇಳಿಸಲು ಕಾರ್ಬನ್ ಫೈಬರ್ ದೋಟಿ. ಅದೂ ಆಗದವರು ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಡುತ್ತಾರೆ. ಕೊಯ್ಲು, ಬೇಯಿಸುವುದು, ಒಣಗಿಸುವುದು, ರೇಟಿನ ಏರಿಳಿತ ಎಲ್ಲವೂ ಚೇಣಿದಾರನ ತಲೆಗೆ. ಲಾಭದ ಒಳ್ಳೆಯ ಪಾಲೂ ಅವನಿಗೇ. ತೋಟದ ಯಜಮಾನ ಒಂದರ್ಥದಲ್ಲಿ ಪಿಂಚಣಿದಾರ. ತೋಟದಲ್ಲೇ ಉಳಿದ ಮಗನಿಗೆ ಹೆಣ್ಣು ಸಿಗದ ಕಷ್ಟ ಬೇರೆ. ಎಕರೆಗಟ್ಟಲೆ ತೋಟಕ್ಕಿಂತ ಬೆಂಗಳೂರಿನ ಬಾಡಿಗೆ ಮನೆಗೆ ತೂಕ ಹೆಚ್ಚು. ಹೆಣ್ಣಿನ ಕಡೆಯಿಂದ ನೋಡಿದರೆ ಅದು ತಪ್ಪೂ ಅಲ್ಲ.

ರೇಟನ್ನು ನಂಬಿ ಕೂರುವಂತೆಯೂ ಇಲ್ಲ. ಚನ್ನಗಿರಿ ಕಡೆಯ ಬಯಲುಸೀಮೆ ಈಗ ಅಡಿಕೆಯ ದೊಡ್ಡ ಪ್ರದೇಶ; ಪೂರೈಕೆ ಹೆಚ್ಚಿದರೆ ರೇಟು ಇಳಿಯಬಹುದು. ರೇಟಿದ್ದರೂ ಫಸಲು ಬೇಕಲ್ಲ; ಇಲ್ಲಿ ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ಎಲೆಚುಕ್ಕಿ ರೋಗ ಹಿಂಡಿದೆ.

2011ರ ನಂತರದ ಜನಗಣತಿಗೆ ಗೊತ್ತಾದ ದಿನ 2027ರ ಮಾರ್ಚ್ 1. ಗಣತಿಯವರು ಮನೆಪಟ್ಟಿಯಲ್ಲಿ ಬೀಗ ಹಾಕಿದ ಮನೆಯನ್ನೂ ಬರೆದುಕೊಳ್ಳುತ್ತಾರೆ. ಆದಾಯ ಎಷ್ಟೆಂದು ಮಾತ್ರ ಕೇಳುವುದಿಲ್ಲ. ಕೇಳಿದರೂ, ಚೇಣಿಯ ದುಡ್ಡು ಬೆಂಗಳೂರಿನ ಖಾತೆಗೆ ಬೀಳುವ ಮನೆಯದನ್ನು ಯಾವ ಊರಿನ ಲೆಕ್ಕಕ್ಕೆ ಬರೆಯುವುದು?