ಹುಣಸೆಬೀಜದ ಪಣ

ಹುಬ್ಬಳ್ಳಿ ಕಲಘಟಗಿಗಳ ನಡುವಣ ಮಿಶ್ರಿಕೋಟಿಯಂತಹ ಊರಿನಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬರುವ ತರುಣನು, ಊರ ಕಟ್ಟೆಯ ಮೇಲೆ ಹುಲಿಕುರಿ ಆಡುತ್ತ 3 ಹುಲಿಗಳ ನೆಗೆತವನ್ನು ಮುಂಗಂಡು, 15 ಕುರಿಗಳಲ್ಲಿ ಯಾವುದನ್ನು ಎಲ್ಲಿರಿಸಿದರೆ ದಾರಿ ಕಟ್ಟೀತೆಂದು ಅಳೆದು ತೂಗಿದವನೇ ಆಗಿದ್ದರೂ, ಗ್ರಂಥಾಲಯದ ಕಪಾಟುಗಳ ನಡುವೆ ನಿಂತೊಡನೆ ಆ ವಿವೇಚನೆಯನ್ನೆಲ್ಲ ಮರೆತು, ಮೊದಲು ಕೈಗೆ ಸಿಕ್ಕ ಪುಸ್ತಕದಿಂದಲೋ ಮೊಬೈಲಿನಲ್ಲಿ ಮೊದಲು ಮೂಡಿದ ಬರಹದಿಂದಲೋ ಪುಟಗಳನ್ನೆತ್ತಿ ಪ್ರಬಂಧವೆಂದು ಒಪ್ಪಿಸುವುದುಂಟು. ಇದನ್ನು ಸೋಮಾರಿತನವೆಂದು ನಾನು ಎಣಿಸಲಾರೆ. ಆಧಾರವನ್ನು ಅರಸುವ, ಪರೀಕ್ಷಿಸುವ, ಸಲ್ಲದುದನ್ನು ಕೈಬಿಡುವ ಅಭ್ಯಾಸವನ್ನು ಅವನಿಗೆ ಕೈಹಿಡಿದು ಕಲಿಸಿದವರು ವಿರಳ. ದಡದಲ್ಲಿ ಕುಳಿತು ಉಪನ್ಯಾಸ ಕೇಳಿದವನಿಗೆ ಈಜು ಬಂದೀತೇ?

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕರೆನ್ ಮಾರ್ಕಿಯವರೂ ಅವರ ಸಂಗಡಿಗರೂ ಈ ಕೊರತೆಗೆಂದೇ 'ಬಿಬ್ಲಿಯೊಬೌಟ್ಸ್' ಎಂಬ ಕಂಪ್ಯೂಟರ್ ಆಟವನ್ನು ರಚಿಸಿದರು. ಅದರಲ್ಲಿ ವಿದ್ಯಾರ್ಥಿಗಳು ಕೊಟ್ಟ ವಿಷಯಕ್ಕೆ ಆಕರಗಳನ್ನು ಹುಡುಕಿ ತಂದು, ತರುವಾಯ ಸಹಪಾಠಿಗಳು ತಂದವುಗಳ ವಿಶ್ವಾಸಾರ್ಹತೆಯನ್ನೂ ಪ್ರಸ್ತುತತೆಯನ್ನೂ ಅಳೆದು ಅಂಕವಿತ್ತು, ಕಡೆಗೆ ಎಲ್ಲರ ಸಂಗ್ರಹದಿಂದ ಉತ್ತಮವಾದವನ್ನು ಆಯ್ದು ತಮ್ಮ ಗ್ರಂಥಸೂಚಿಯನ್ನು ಕಟ್ಟಬೇಕು. ಈ ಅನುಭವವನ್ನು ಅವರು 2014ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಪರರು ತಂದುದನ್ನು ತೂಗುವಾಗಲೇ ತಾನು ತಂದುದರ ಹಗುರತನ ಒಬ್ಬನಿಗೆ ಅರಿವಾಗುವುದು ಈ ಆಟದ ಹಿರಿಯ ಗುಣವೆಂದು ನನ್ನ ಅಭಿಪ್ರಾಯ.

1939ರಲ್ಲಿಯೇ ಕನ್ನಡ ಸಂಶೋಧನ ಸಂಸ್ಥೆ ತಲೆಯೆತ್ತಿದ ಧಾರವಾಡದಲ್ಲಿ ಇಂತಹ ಆಟಕ್ಕೆ ಯಂತ್ರವೂ ಬೇಡ. ಒಂದು ಹಿಡಿ ಹುಣಸೆಬೀಜ ಸಾಕು. ಮಿಶ್ರಿಕೋಟಿ ಎಂಬ ಹೆಸರು ಹೇಗೆ ಬಂದಿತೆಂಬ ಪ್ರಶ್ನೆಯನ್ನಿಟ್ಟು, ಊರ ಹಿರಿಯರ ಹೇಳಿಕೆ, ಪತ್ರಿಕೆಯ ಲೇಖನ, ಜಾತ್ರೆಯ ಸ್ಮರಣಸಂಚಿಕೆ, ಬರೆದವರ ಹೆಸರಿಲ್ಲದ ಮೊಬೈಲ್ ಸಂದೇಶ, ಹೀಗೆ ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದು ಹರಡಬೇಕು; ಪ್ರತಿ ತಂಡವೂ ತನ್ನ 10 ಬೀಜಗಳನ್ನು ನಂಬಿಕೆಗೆ ತಕ್ಕಂತೆ ಚೀಟಿಗಳ ಮೇಲೆ ಪಣವಿಡಬೇಕು. ಬಳಿಕ ಅಧ್ಯಾಪಕರು ಚೀಟಿಗಳ ಬೆನ್ನನ್ನು ತಿರುಗಿಸುತ್ತಾರೆ. ಅಲ್ಲಿ ಬರೆದವರಾರು, ಯಾವಾಗ, ಎಲ್ಲಿಂದ ಪಡೆದರು ಎಂಬ ವಿವರವಿರುತ್ತದೆ. ಲೇಖನ, ಸಂಚಿಕೆ, ಸಂದೇಶ ಮೂರೂ ಒಂದೇ ಬರಹವನ್ನು ನಕಲಿಸಿದವೆಂದು ಹೊರಬಿದ್ದರೆ, ಮೂವರು ಸಾಕ್ಷಿಗಳಿದ್ದಾರೆಂದು 6 ಬೀಜಗಳನ್ನು ಅವುಗಳ ಮೇಲೆ ಹೂಡಿದ್ದ ತಂಡಕ್ಕೆ, ತಾನು ನಂಬಿದ್ದುದು ಒಬ್ಬನೇ ಸಾಕ್ಷಿಯ ಮೂರು ಪ್ರತಿಧ್ವನಿಗಳನ್ನೆಂದು ಆ ಕ್ಷಣದಲ್ಲಿ ತಿಳಿಯುತ್ತದೆ. ಇನ್ನು ಮೂಲವನ್ನೇ ತೆರೆಯಬೇಕು. 1884ರ ಧಾರವಾಡ ಗ್ಯಾಸೆಟಿಯರಿಗೋ ಶಾಸನಸಂಪುಟಗಳಿಗೋ ಕೈಹಾಕಬೇಕು.

ಗೆಲ್ಲುವ ಆತುರ ಅರಸುವ ಆಸಕ್ತಿಯನ್ನು ನುಂಗುವ ಭಯವೂ ಇದರಲ್ಲಿ ಇಲ್ಲದಿಲ್ಲ. ಆದುದರಿಂದ ಚೀಟಿ ತಿರುಗಿದ ಮೇಲೆ ಬೀಜಗಳನ್ನು ಹಿಂತೆಗೆದು, ಕಾರಣ ಹೇಳಿ, ಮತ್ತೊಂದೆಡೆ ಇರಿಸಲು ಅವಕಾಶವಿರಬೇಕು. ಹಾಗೆ ಸರಿಸಿದ ಬೀಜಕ್ಕೆ, ಮೊದಲೇ ಸರಿಯಾದೆಡೆ ಬಿದ್ದ ಬೀಜದಷ್ಟೇ ಅಂಕ ಸಲ್ಲಬೇಕು.