‘ಕ್ವೋ ವಾಡಿಸ್’ ಕಾದಂಬರಿಯನ್ನು ಓದುವ ಬಗೆ

ಮಗಳು ಪ್ರೇಮಕಥೆಯನ್ನು ಓದಬಹುದೇ ಎಂದು ತಾಯಿತಂದೆಗಳು ಶಂಕಿಸುವುದುಂಟು. ಕಥೆಯಲ್ಲಿ ಅಪೊಸ್ತಲರ ಹೆಸರು ಕಂಡೊಡನೆ ಆ ಶಂಕೆಯನ್ನು ಪೂರ್ತಿಯಾಗಿ ಬಿಟ್ಟುಬಿಡುವುದೂ ಉಂಟು. ಇವೆರಡೂ ಅವಸರದ ತೀರ್ಪುಗಳೆಂದು ನಮಗೆ ತೋರುತ್ತದೆ. ಪೋಲೆಂಡಿನ ಹೆನ್ರಿಕ್ ಶೆಂಕೇವಿಚ್ ಎಂಬವರು ಬರೆದು, 1896ರಲ್ಲಿ ಪುಸ್ತಕರೂಪವಾಗಿ ಹೊರಟ ‘ಕ್ವೋ ವಾಡಿಸ್’ ಎಂಬ ಕಾದಂಬರಿಯನ್ನು ದೃಷ್ಟಾಂತವಾಗಿಟ್ಟುಕೊಂಡು, ಇಂಥ ಗ್ರಂಥಗಳನ್ನು ಓದತಕ್ಕ ಬಗೆಯನ್ನು ಇಲ್ಲಿ ವಿವರಿಸುವೆವು.

ಆ ಲ್ಯಾಟಿನ್ ಮಾತಿಗೆ ‘ಎಲ್ಲಿಗೆ ಹೋಗುತ್ತೀ?’ ಎಂದರ್ಥ. ರೋಮಾಪುರಿಯನ್ನು ಬಿಟ್ಟು ಹೋಗುತ್ತಿದ್ದ ಪೇತ್ರನು ದಾರಿಯಲ್ಲಿ ಕರ್ತನನ್ನು ಕಂಡು ಹೀಗೆ ಕೇಳಿದನೆಂಬ ಐತಿಹ್ಯವು ಸತ್ಯವೇದದಲ್ಲಿಲ್ಲ. ಅದು ‘ಪೇತ್ರನ ಕೃತ್ಯಗಳು’ ಎಂಬ ಬೇರೊಂದು ಪ್ರಾಚೀನ ಗ್ರಂಥದಿಂದ ಬಂದದ್ದು.

ಕಥೆಯು ನೀರೋ ಚಕ್ರವರ್ತಿಯ ಕಾಲದ್ದು. ವಿನಿಸಿಯಸ್ ಎಂಬ ತರುಣ ಸೇನಾಧಿಕಾರಿಯು ಲಿಜಿಯಾ ಎಂಬ ಕನ್ಯೆಯನ್ನು ಕಂಡು ಮೋಹಗೊಳ್ಳುತ್ತಾನೆ. ಅವಳು ದೂರದೇಶದ ಅರಸನ ಮಗಳು, ರೋಮಿನವರ ವಶದಲ್ಲಿ ಒತ್ತೆಯಾಗಿ ಬೆಳೆದವಳು, ಕ್ರೈಸ್ತಳು. ಅವಳ ಇಷ್ಟವನ್ನು ಕೇಳಬೇಕೆಂಬುದು ಆ ತರುಣನಿಗೆ ತೋಚುವುದೇ ಇಲ್ಲ. ಚಕ್ರವರ್ತಿಯ ಅಪ್ಪಣೆಯಿಂದ ಅವಳನ್ನು ಅರಮನೆಗೆ ಒಯ್ದು, ಅಲ್ಲಿಂದ ಅವನ ಮನೆಗೆ ಸಾಗಿಸುವ ಏರ್ಪಾಡಾಗುತ್ತದೆ. ಲಿಜಿಯಾ ಓಡಿಹೋಗುತ್ತಾಳೆ. ಅವನ ಮೇಲೆ ಮನಸ್ಸಿಲ್ಲದೆ ಅಲ್ಲ, ಉಪಪತ್ನಿಯಾಗಲು ಒಲ್ಲದೆ. ಮರಳಿ ಹಿಡಿದು ತರಲು ಹೋದ ವಿನಿಸಿಯಸನು ಗಾಯಗೊಂಡು, ಯಾರ ಮನೆಗೆ ಬಲಾತ್ಕಾರದಿಂದ ನುಗ್ಗಿದನೋ ಅವರ ಶುಶ್ರೂಷೆಯಲ್ಲಿಯೇ ಮಲಗಬೇಕಾಗುತ್ತದೆ. ಗ್ರಂಥದ ಹೃದಯವು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಬಹುಮಂದಿ ಓದುಗರ ನೆನಪಿನಲ್ಲಿ ಉಳಿಯುವುದು ಸಿಂಹಗಳೂ ಬೆಂಕಿಯೂ. ಆದರೆ ‘ಇವಳು ನನ್ನವಳು’ ಎನ್ನುತ್ತಿದ್ದವನು ‘ಇವಳು ಒಪ್ಪುವಳೇ?’ ಎಂದು ಯೋಚಿಸಲು ಕಲಿಯುವುದು ಈ ಅಧ್ಯಾಯಗಳಲ್ಲಿ. ಇವನ್ನು ನಿಧಾನವಾಗಿ ಓದಬೇಕು.

ಇನ್ನು ಚರಿತ್ರೆಯ ಮಾತು. ಕ್ರಿ.ಶ. 64ರಲ್ಲಿ ರೋಮಾಪುರಿಯು ಉರಿದದ್ದು ನಿಜ. ಪಟ್ಟಣದ 14 ವಿಭಾಗಗಳಲ್ಲಿ ನಾಲ್ಕು ಮಾತ್ರ ಕೆಡದೆ ಉಳಿದುವೆಂದೂ, ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಅವರನ್ನು ಕ್ರೂರವಾಗಿ ಕೊಲ್ಲಿಸಿದರೆಂದೂ ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರನು ಬರೆದಿದ್ದಾನೆ. ಕಾದಂಬರಿಯಲ್ಲಿ ಬೆಂಕಿಯಿಡಿಸಿದವನು ನೀರೋ. ಟ್ಯಾಸಿಟಸನಾದರೋ ಅದು ಆಕಸ್ಮಿಕವೋ ಅರಸನ ಕಪಟವೋ ಎಂಬುದನ್ನು ತೀರ್ಮಾನಿಸದೆ ಬಿಟ್ಟಿದ್ದಾನೆ. ಲಿಜಿಯಾಳನ್ನು ಸಾಕಿದ ಪೊಂಪೋನಿಯಾ ಕಲ್ಪಿತಳಲ್ಲ. ಪರಮತವನ್ನು ಅನುಸರಿಸಿದಳೆಂಬ ದೂರಿನ ಮೇಲೆ ಕ್ರಿ.ಶ. 57ರಲ್ಲಿ ಅವಳ ವಿಚಾರಣೆಯು ಸ್ವಂತ ಗಂಡನ ಮುಂದೆಯೇ ನಡೆದು, ಅವನು ಅವಳನ್ನು ನಿರ್ದೋಷಿಯೆಂದು ಸಾರಿದನು. ಆ ಮತವು ಯಾವುದೆಂದು ಟ್ಯಾಸಿಟಸನು ಹೇಳುವುದಿಲ್ಲ. ಕಾದಂಬರಿಕಾರನು ಅವಳನ್ನು ಕ್ರೈಸ್ತಳನ್ನಾಗಿ ಮಾಡಿದ್ದಾನೆ. ಚಕ್ರವರ್ತಿಯ ರಸಿಕಮಿತ್ರನಾದ ಪೆಟ್ರೋನಿಯಸನೂ ನಿಜವಾಗಿ ಇದ್ದವನೇ. ನಾಯಕನೂ ನಾಯಿಕೆಯೂ ಮಾತ್ರ ಲೇಖಕನ ಸೃಷ್ಟಿ. ಓದುವಾಗ ಈ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡರೆ ಕಥೆಯ ರುಚಿಯೇನೂ ಕಡಮೆಯಾಗದು.

ಬರೆದವರ ದೇಶಸ್ಥಿತಿಯನ್ನೂ ಮರೆಯಬಾರದು. 1795ರಿಂದ ಪೋಲೆಂಡು ಮೂರು ಸಾಮ್ರಾಜ್ಯಗಳ ಪಾಲಾಗಿ, ಭೂಪಟದಲ್ಲಿ ಅದರ ಹೆಸರೇ ಇಲ್ಲದಂತಾಗಿತ್ತು. ಲಿಜಿಯಾಳ ಕುಲದವರ ನಾಡು ಆ ಸೀಮೆಯಲ್ಲಿಯೇ ಇತ್ತು. ಬಲಿಷ್ಠರ ಕೈಯಲ್ಲಿ ಒತ್ತೆಯಾಗಿದ್ದೂ ತಲೆಬಾಗದ ಈ ಹುಡುಗಿಯಲ್ಲಿ ಪೋಲೆಂಡಿನವರು ತಮ್ಮನ್ನೇ ಕಂಡುಕೊಂಡದ್ದು ಆಶ್ಚರ್ಯವಲ್ಲ.

ಗ್ರಂಥದಲ್ಲಿ ದೋಷವಿಲ್ಲವೆಂದು ನಾವು ಹೇಳೆವು. ಮೊದಲು ಅಷ್ಟು ಧೈರ್ಯದಿಂದ ಓಡಿಹೋದವಳು ಉತ್ತರಾರ್ಧದಲ್ಲಿ ಬಹುಮಟ್ಟಿಗೆ ಮೌನಿಯಾಗುತ್ತಾಳೆ. ಸೆರೆಮನೆಯಲ್ಲಿ ಜ್ವರದಿಂದ ನರಳಿ, ಕಡೆಗೆ ಕಾಡುಗೂಳಿಯ ಕೊಂಬುಗಳಿಗೆ ಬಿಗಿಯಲ್ಪಟ್ಟು, ತನ್ನ ಆಳಾದ ಉರ್ಸಸನ ತೋಳ್ಬಲದಿಂದ ಬದುಕುತ್ತಾಳೆ. ಕ್ರೈಸ್ತನಲ್ಲದ ಪೆಟ್ರೋನಿಯಸನೇ ಎಲ್ಲರಿಗಿಂತ ಜೀವಂತವಾಗಿ ಕಾಣುವುದೂ ಒಂದು ಸೋಜಿಗ. ಅರಮನೆಯ ಔತಣದ ವರ್ಣನೆಗಳೂ ಹಿಂಸೆಯ ಚಿತ್ರಗಳೂ ಎಳೆಯ ಬಾಲಿಕೆಯರಿಗೆ ತಕ್ಕವಲ್ಲ. ಮೇಲಿನ ತರಗತಿಗಳವರಿಗೆ ಅಡ್ಡಿಯಿಲ್ಲ. ತಾಯಿಯು ತಾನು ಮೊದಲು ಓದಿ ಮಗಳ ಕೈಗೆ ಕೊಟ್ಟರೆ, ಲಿಜಿಯಾ ಪ್ರೀತಿಸಿದವನಿಂದಲೇ ಏಕೆ ಓಡಿಹೋದಳೆಂಬುದನ್ನು ಕುರಿತು ಇಬ್ಬರೂ ಕುಳಿತು ಮಾತಾಡಬಹುದು.