ಮಾಸಿದ ಭಾವಚಿತ್ರಗಳಿಗೆ ಮರಳಿ ಬೆಳಕು

ಚಿತ್ರ ಬರೆಯಲು ಬಾರದವರಿಗೂ ಗಣಕಯಂತ್ರವು ಒಂದು ಸೊಗಸಾದ ಹವ್ಯಾಸವನ್ನು ಒದಗಿಸಿದೆ. ಮನೆಯ ಹಳೆಯ ಭಾವಚಿತ್ರಗಳನ್ನು ತಿದ್ದಿ ಉಳಿಸಿಕೊಳ್ಳುವುದೇ ಆ ಹವ್ಯಾಸ. ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಬಿ.ಇ.ಎಲ್. ಸ್ಥಾಪನೆಗೊಂಡ ಬಳಿಕ ಜಾಲಹಳ್ಳಿಗೆ ಹಲವು ಊರುಗಳ ಸಂಸಾರಗಳು ಬಂದು ನೆಲೆಸಿದವು. ಅಂತಹ ಮನೆಗಳಲ್ಲಿ ಹಿರಿಯರ ಚಿತ್ರಗಳು ತೇವಕ್ಕೆ ಕಲೆಗಟ್ಟಿ, ಬೆಳಕಿಗೆ ಮಾಸುವುದುಂಟು. ನೆಗೆಟಿವ್ ಉಳಿಯದ ಚಿತ್ರ ಅಳಿದರೆ ಆ ಮುಖವೇ ಅಳಿದಂತೆ.

ಈ ಕಲಿಕೆಗೆ ಕೈಚಳಕಕ್ಕಿಂತ ತಾಳ್ಮೆ ಮುಖ್ಯ. ೧೯೯೦ರಲ್ಲಿ ಬಂದ ಫೋಟೋಶಾಪ್‌ಗೆ ಹಣ ತೆರಬೇಕು. ಅಮೆರಿಕದ ಬರ್ಕ್ಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ೧೯೯೫ರಲ್ಲಿ ಆರಂಭಿಸಿದ ಗಿಂಪ್ ಉಚಿತ. ಮೊದಲು ಚಿತ್ರವನ್ನು ಅಂಗುಲಕ್ಕೆ ೬೦೦ ಬಿಂದುಗಳಂತೆ ಸ್ಕ್ಯಾನ್ ಮಾಡಿ, ಆ ಮೂಲಪ್ರತಿಯನ್ನು ಮುಟ್ಟದೆ ಬೇರೆಯಾಗಿರಿಸಬೇಕು. ಇನ್ನೊಂದು ಪ್ರತಿಯ ಮೇಲೆ ಪಾರದರ್ಶಕ ಹಾಳೆ ಹೊದಿಸಿದಂತೆ ಲೇಯರ್ ಇರಿಸಿಕೊಂಡರೆ, ತಪ್ಪಿದ್ದನ್ನು ಅಳಿಸಿ ಮತ್ತೆ ತೊಡಗಬಹುದು. ಲೆವೆಲ್ಸ್ ಎಂಬ ಸೌಲಭ್ಯವು ಮಸುಕಾದ ಕಪ್ಪುಬಿಳುಪನ್ನು ನಿಚ್ಚಳಗೊಳಿಸುತ್ತದೆ. ಕ್ಲೋನ್ ಎಂಬುದು ಪಕ್ಕದ ಭಾಗವನ್ನು ನಕಲಿಸಿ ಗೀರನ್ನು ಮುಚ್ಚುತ್ತದೆ.

ಆದರೆ ನಾವು ಒಂದು ಎಚ್ಚರವನ್ನು ಹೇಳಬಯಸುತ್ತೇವೆ. ಗೀರು ಮುಚ್ಚುವುದು ಬೇರೆ, ಮುಖ ಬದಲಿಸುವುದು ಬೇರೆ. ಅಜ್ಜಿಯ ಕೆನ್ನೆಯ ಸುಕ್ಕನ್ನು ಅಳಿಸಿದರೆ ಮೊಮ್ಮಕ್ಕಳು ಕಾಣುವುದು ಯಾರೋ ಅಪರಿಚಿತೆಯನ್ನು. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಹರಿದುಹೋದ ಕಣ್ಣನ್ನೂ ಊಹಿಸಿ ತುಂಬಬಲ್ಲವು. ಅದು ಅಜ್ಜನ ಕಣ್ಣೆಂದು ಹೇಳಲಾಗದು. ಆದುದರಿಂದ ತಿದ್ದಿದ ಪ್ರತಿಗೆ 'ತಿದ್ದಿದ್ದು' ಎಂದೇ ಹೆಸರಿಡಬೇಕು. ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನೂ ಬರೆದಿಡಬೇಕು. ಅವನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸಕ್ಕೆ ತೊಡಗಿರೆಂದು ಓದುಗ ಬಾಂಧವರಲ್ಲಿ ನಮ್ಮ ವಿನಂತಿ.